ಗುಬ್ಬಿಗೆ ಕಳಿಸಿದ ಕೆಂಪು ಹಾಳೆ

"ಕೈ ತೆಗೀರಿ! ಅದನ್ನ ಮುಟ್ಟೋಕೆ ನಿಮಗೆ ಯಾರು ಹೇಳಿದ್ದು?"

ಯಂತ್ರದ ಮೇಲೆ ಬಾಗಿದ್ದವನು ಬೆಚ್ಚಲೂ ಇಲ್ಲ, ತಿರುಗಿ ನೋಡಲೂ ಇಲ್ಲ. ಪ್ರಿಂಟರಿನ ಹಣೆಗೆ ಅಂಟಿಸಿದ್ದ ಬಿಳಿ ಪಟ್ಟಿಯ ಅಂಚನ್ನು ಉಗುರಿನಿಂದ ಎಬ್ಬಿಸಿ ಚರ್ರನೆ ಎಳೆದುಬಿಟ್ಟ.

ತನ್ನ ಮೈಮೇಲಿನ ಚರ್ಮವನ್ನೇ ಸುಲಿದಂತಾಯಿತು ಕೂಗಿದವಳಿಗೆ!

"ಇದರಲ್ಲಿ ಬರೆದಿರೋ ಸಂಖ್ಯೆ ಸುಳ್ಳು," ಎಂದ ಅವನು, ಪಟ್ಟಿಯನ್ನು ಬೆಳಕಿಗೆ ಹಿಡಿದು. "ನಿನ್ನೆ ಕರೆಂಟ್ ಹೋಗಿ ಬಂದ್ಮೇಲೆ ಈ ಪ್ರಿಂಟರ್‌ಗೆ ಬೇರೆ ಸಂಖ್ಯೆ ಸಿಕ್ಕಿದೆ. ಸುಳ್ಳನ್ನ ಇಷ್ಟು ಮುದ್ದಾಗಿ ದುಂಡಗೆ ಬರೆದು ಅಂಟಿಸಿದವರು ಯಾರು?"

"ನಾನು!"

"ಹೌದಾ? ಅಕ್ಷರ ಚೆನ್ನಾಗಿದೆ. ಜೊತೆಗೆ ತಲೇನೂ ಓಡಿಸಿದ್ರೆ ಇನ್ನೂ ಚೆನ್ನಾಗಿರ್ತಿತ್ತು."

ಆಗ ತಿರುಗಿದ ಅವನು. ಕಣ್ಣಿಗೆ ಕಣ್ಣು ಕೂಡಿತು. ಬೇರೆ ಕಥೆಗಳಲ್ಲಾದರೆ ಇಂಥ ಗಳಿಗೆಯಲ್ಲಿ ತಂಗಾಳಿ ಬೀಸುತ್ತದೆ, ಎಲ್ಲಿಂದಲೋ ಹೂವು ಉದುರುತ್ತದೆ. ಇಲ್ಲಿ ಹಾಗೇನೂ ಆಗಲಿಲ್ಲ. ಇಬ್ಬರ ಮನಸ್ಸಿಗೂ ಒಂದೇ ಗಳಿಗೆಯಲ್ಲಿ ಒಂದೇ ಮಾತು ಬಂತು...

'ಅಬ್ಬಾ, ಎಂಥ ಅಹಂಕಾರ!'

ಅದು ಲೇಬಲ್ ಅಚ್ಚು ಹಾಕುವ ಪ್ರೆಸ್ಸು. ಔಷಧಿ ಸೀಸೆಗೆ, ಸೋಪಿನ ಪೊಟ್ಟಣಕ್ಕೆ, ಬಣ್ಣದ ಡಬ್ಬಿಗೆ ಅಂಟಿಸುವ ಚೀಟಿಗಳು ಅಲ್ಲಿಂದ ಹೊರಡುತ್ತಿದ್ದವು. ನಡೆಸುತ್ತಿದ್ದವಳು ಅವಳ ದೊಡ್ಡಮ್ಮ. ತಾಯಿ ತೀರಿಕೊಂಡ ಮೇಲೆ ತಂಗಿಯ ಮಗಳನ್ನು ಸಾಕಿ, ಬೆಳೆಸಿ, ಬಣ್ಣ ನೋಡುವ ಕೆಲಸ ಕಲಿಸಿದ್ದಳು. ದೊಡ್ಡ ಯಂತ್ರದಲ್ಲಿ ಸಾವಿರಗಟ್ಟಲೆ ಅಚ್ಚಾಗುವ ಮೊದಲು ಒಂದು ಮಾದರಿ ಹಾಳೆ ತೆಗೆದು, ಈ ಬಣ್ಣ ಸರಿ, ಇದು ಸರಿಯಿಲ್ಲ ಎಂದು ಹೇಳುವುದು ಅವಳ ಕೆಲಸ.

ಅವಳು ತೂಗುತ್ತಿದ್ದುದು ಬಣ್ಣವನ್ನಷ್ಟೇ ಅಲ್ಲ. ಎದುರು ಬಂದ ಮನುಷ್ಯರನ್ನೂ ಒಂದೇ ನೋಟದಲ್ಲಿ ತೂಗಿ, 'ಕಡಿಮೆ ಬಿತ್ತು' ಎಂದು ಕೆಳಗಿಳಿಸುತ್ತಿದ್ದಳು. ಪ್ರೆಸ್ಸಿನವರು ಬೆನ್ನ ಹಿಂದೆ ಅವಳನ್ನು 'ತಕ್ಕಡಿ' ಎನ್ನುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು. ಮದುವೆಯ ಮಾತಾಡಲು ಬಂದವರು ಒಂದು ಕಾಲದಲ್ಲಿ ಅವಳನ್ನು ತೂಗಿ, 'ಹುಡುಗಿಗೆ ಬಾಯಿ ಜಾಸ್ತಿ' ಎಂದು ಎದ್ದು ಹೋಗಿದ್ದರು. ಅಂದಿನಿಂದ ಅವಳದೊಂದೇ ವ್ರತ... ಯಾರೂ ತನ್ನನ್ನು ತೂಗುವ ಮೊದಲೇ ತಾನು ಅವರನ್ನು ತೂಗಿಬಿಡಬೇಕು!

ತಿರಸ್ಕಾರವೆಂಬುದು ವಿಚಿತ್ರವಾದ ಅಡುಗೆ. ಬಡಿಸಿಕೊಂಡವನ ನಾಲಿಗೆಗಿಂತ ಬೇಯಿಸಿದವಳ ಕೈಯೇ ಹೆಚ್ಚು ಸುಡುತ್ತದೆ. ಆದರೆ ಸುಟ್ಟ ಕೈಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಳ್ಳುವ ಜಾಣ್ಮೆಯನ್ನೂ ದೇವರು ಮನುಷ್ಯನಿಗೆ ಕೊಟ್ಟಿದ್ದಾನಲ್ಲ!

"ಶುರುವಾಯ್ತಾ ಜಗಳ?" ದೊಡ್ಡಮ್ಮ ಬಾಗಿಲಲ್ಲಿ ನಿಂತಿದ್ದಳು. "ನಾನೇ ಕರೆಸಿದ್ದು ಕಣೇ ಇವರನ್ನ. ಕರೆಂಟ್ ಹೋದಾಗಲೆಲ್ಲ ಒಂದು ಕಡೆ ಬರಬೇಕಾದ ಹಾಳೆ ಇನ್ನೊಂದು ಕಡೆ ಬರ್ತಿದೆ. ಮೊನ್ನೆ ಸೋಪಿನ ಚೀಟಿಯೆಲ್ಲ ನನ್ನ ಕೋಣೆಗೆ ಬಂತು. ಇವರು ನೆಟ್‌ವರ್ಕ್ ಕೆಲಸದವರು, ಸರಿ ಮಾಡ್ತಾರೆ."

"ಸರಿ ಮಾಡೋರು ಮೊದಲು ಬಾಗಿಲು ತಟ್ಟೋದು ಕಲೀಲಿ, ದೊಡ್ಡಮ್ಮ."

"ತಟ್ಟಿದೆ," ಎಂದ ಅವನು. "ನೀವು ಯಾರನ್ನೋ ಬೈತಾ ಇದ್ರಿ, ಕೇಳಿಸಿರಲಿಕ್ಕಿಲ್ಲ."

ದೊಡ್ಡಮ್ಮ ನಗು ತಡೆದುಕೊಂಡು ಹೊರಟುಹೋದಳು. ಹುಡುಗಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಹೆಗಲಿಗೆ ಸುತ್ತಿದ ಹಳದಿ ತಂತಿ, ಮೊಣಕೈಯಲ್ಲಿ ಧೂಳು, ಜೇಬಲ್ಲಿ ಸ್ಕ್ರೂಡ್ರೈವರ್. ಅಲ್ಲೇ ಹೆಸರಿಟ್ಟಳು... ತಂತಿರಾಯ.

ಪಡಸಾಲೆಯ ಮೂಲೆಯ ಹಲಗೆಯ ಮೇಲೆ ರೂಟರ್ ಎಂಬ ಕಪ್ಪು ಪೆಟ್ಟಿಗೆ ಮಿಣಮಿಣ ಎನ್ನುತ್ತಿತ್ತು. ಪ್ರೆಸ್ಸಿನ ಪ್ರತಿ ಯಂತ್ರಕ್ಕೂ, ಪ್ರತಿ ಕಂಪ್ಯೂಟರಿಗೂ ಒಂದೊಂದು ಸಂಖ್ಯೆ ಹಂಚುವುದು ಅದೇ. ಆ ಸಂಖ್ಯೆಯೇ ಯಂತ್ರದ ವಿಳಾಸ. ಕರೆಂಟ್ ಹೋಗಿ ಬಂದರೆ ಪೆಟ್ಟಿಗೆ ಹಳೆಯದನ್ನೆಲ್ಲ ಮರೆತು ಹೊಸದಾಗಿ ಹಂಚುತ್ತಿತ್ತು. ನಿನ್ನೆ ಇವನ ಮನೆಯಾಗಿದ್ದದ್ದು ಇವತ್ತು ಅವನದು!

"ಇನ್ಮೇಲೆ ಸಂಖ್ಯೆ ಬೇಡ, ಹೆಸರು," ಎಂದು ಎಲ್ಲರನ್ನೂ ಸೇರಿಸಿ ಹೇಳಿದ ಅವನು. "ಪ್ರತಿ ಯಂತ್ರಕ್ಕೂ ಒಂದು ಹೆಸರು ಇಡೋಣ. ಯಾವ ಹೆಸರಿನವರು ಯಾವ ಸಂಖ್ಯೆಯಲ್ಲಿದ್ದಾರೆ ಅಂತ ಈ ಪೆಟ್ಟಿಗೆ ನೆನಪಿಟ್ಟುಕೊಳ್ಳುತ್ತೆ. ಊರ ಕಟ್ಟೆ ಮೇಲೆ ಕೂತ ಮುದುಕನ ಹಾಗೆ. ನೀವು 'ಇಂಥವರ ಮನೆ ಎಲ್ಲಿ?' ಅಂತ ಹೆಸರು ಹೇಳಿ ಕೇಳಿದ್ರೆ ಸಾಕು, ಅವನು ಕೈ ತೋರಿಸ್ತಾನೆ. ಅವರು ಮನೆ ಬದಲಾಯಿಸಿದ್ರೂ ಅವನಿಗೆ ಗೊತ್ತಿರುತ್ತೆ."

"ಮುದುಕ ನಿದ್ದೆ ಹೋದ್ರೆ?" ಎಂದಳು ಅವಳು.

"ನಿಮ್ಮ ದನಿ ಕೇಳಿದ್ರೆ ಎದ್ದೇಳ್ತಾನೆ ಬಿಡಿ."

ಎಲ್ಲರೂ ಗೊಳ್ಳೆಂದರು. ಅವಳ ಕಿವಿ ಕೆಂಪಾಯಿತು.

ಹೆಸರಿಡುವುದರಲ್ಲಿ ಪ್ರೆಸ್ಸಿಗೆ ಪ್ರೆಸ್ಸೇ ಮಕ್ಕಳಾಯಿತು. ಕೆಳಗಿನ ದೊಡ್ಡ ಅಚ್ಚಿನ ಯಂತ್ರ 'ಆನೆ'. ಅವಳ ಕೋಣೆಯ ಬಣ್ಣದ ಪ್ರಿಂಟರ್ 'ನವಿಲು'. ಮಾಲು ಕಟ್ಟಿ ಕಳಿಸುವ ಪಾರ್ಸಲ್ ಅಕ್ಕನ ಮೇಜಿನ ಪಕ್ಕದ ಪ್ರಿಂಟರ್, ಅದೂ ಬಣ್ಣದ್ದೇ, 'ಕಾಗೆ'. ಮಹಡಿಯ ಕಾಗದದ ಗೋದಾಮಿನಲ್ಲಿ ಅದರದೇ ಅವಳಿಯಂಥ ಇನ್ನೊಂದು ಇತ್ತು. ಅದಕ್ಕೆ 'ಗುಬ್ಬಿ' ಎಂದರು.

"ನನಗ್ಯಾಕೆ ಕಾಗೆ?" ಎಂದು ಪಾರ್ಸಲ್ ಅಕ್ಕ ಸೊಂಟಕ್ಕೆ ಕೈಯಿಟ್ಟಳು.

"ಅಕ್ಕಾ, ನೆಂಟರು ಬರೋ ಸುದ್ದಿ ಕಾಗೆಯೇ ಅಲ್ವಾ ಮೊದಲು ಹೇಳೋದು?" ಎಂದು ಅವನು ಸಮಾಧಾನ ಮಾಡಿದ.

ದೊಡ್ಡಮ್ಮ ಇದನ್ನೆಲ್ಲ ನೋಡುತ್ತ ತನ್ನಷ್ಟಕ್ಕೆ ಹೇಳಿಕೊಂಡಳು: "ಸರಿಯಾಗೇ ಇದೆ. ದೇವರನ್ನೂ ನಾವು ಹೆಸರು ಹಿಡಿದೇ ಕರೆಯೋದು. ಎಲ್ಲಿದ್ದಾನೆ ಅಂತ ಯಾರಿಗೆ ಗೊತ್ತು? ಕರೆದ್ರೆ ಮುಟ್ಟುತ್ತೆ."

ಅವನು ಗೋದಾಮಿನ ಮೂಲೆಯಲ್ಲಿ, ಗುಬ್ಬಿಯ ಪಕ್ಕದಲ್ಲೇ ಮೇಜು ಹಾಕಿಕೊಂಡ. ಹಗಲೆಲ್ಲ ಏಣಿ ಹತ್ತಿ ಇಳಿದು ತಂತಿ ಎಳೆದ. ಕೆಲಸಕ್ಕೇ ಬರುತ್ತಿದ್ದನೋ ಜಗಳಕ್ಕೇ ಬರುತ್ತಿದ್ದನೋ, ದಿನಕ್ಕೊಂದು ಬಾರಿ ಅವಳ ಕೋಣೆಗೆ ಕಾಲಿಡದೆ ಹೋಗುತ್ತಿರಲಿಲ್ಲ.

ಒಮ್ಮೆ ಅವಳು ಕಿಟಕಿಯ ಬಳಿ ಎರಡು ಹಾಳೆಗಳನ್ನು ಅಕ್ಕಪಕ್ಕ ಹಿಡಿದು ನಿಂತಿದ್ದಳು. ಎರಡೂ ಕೆಂಪು.

"ಆವಾಗಿನಿಂದ ನೋಡ್ತಿದೀನಿ. ಒಂದೇ ಬಣ್ಣದ ಎರಡು ಹಾಳೆ ಹಿಡ್ಕೊಂಡು ಸಂಬಳ ತಗೋತಾರೆ ಅಂದ್ರೆ ಪುಣ್ಯವಂತರು," ಎಂದ ಅವನು.

"ಒಂದೇ ಬಣ್ಣನಾ? ದೇವರು ಕಣ್ಣು ಕೊಟ್ಟಿದ್ದು ತಂತಿ ಎಣಿಸೋಕಷ್ಟೇ ಏನು?"

"ಎರಡೂ ಕೆಂಪೇ."

"ಬನ್ನಿ ಇಲ್ಲಿ! ಟ್ಯೂಬ್‌ಲೈಟ್ ಕೆಳಗೆ ಎಲ್ಲ ಕೆಂಪೂ ಒಂದೇ. ಕಿಟಕಿ ಬೆಳಕಿಗೆ ಹಿಡೀರಿ. ಈ ಮೊದಲನೇದರ ಒಳಗೆ ನೀಲಿ ಇದೆ. ಮೇಲೆ ಕೆಂಪು, ಒಳಗೆ ತಣ್ಣಗೆ. ಎರಡನೇದರ ಒಳಗೆ ಹಳದಿ ಇದೆ... ಬಿಸಿ ಇದೆ. ಕಾಣಿಸ್ತಾ?"

ಅವನು ಬಾಗಿ ನೋಡಿದ. ಅವಳ ಹೆಗಲಿಗೂ ಅವನ ಹೆಗಲಿಗೂ ನಡುವೆ ಒಂದು ಹಾಳೆಯಷ್ಟೇ ಜಾಗ. ಅವನಿಗೆ ಕಂಡದ್ದು ಹಾಳೆಯೋ, ಹಾಳೆ ಹಿಡಿದ ಬೆರಳುಗಳೋ... ಅದು ದೇವರಿಗೇ ಗೊತ್ತು.

"ಇಲ್ಲ," ಎಂದ ಮೆಲ್ಲಗೆ. "ಕಾಣಿಸ್ತಿಲ್ಲ."

"ಕಡಿಮೆ ಬಿತ್ತು," ಎಂದಳು ಅವಳು.

ಅವನು ಹೋದ ಮೇಲೆ ಮಾತ್ರ ಆ ಎರಡನೇ ಕೆಂಪು ಹಾಳೆಯನ್ನು ಎಷ್ಟೋ ಹೊತ್ತು ಕೈಯಲ್ಲೇ ಹಿಡಿದು ಕೂತಳು. 'ಛೇ! ಎಂಥ ಮನುಷ್ಯ... ನೋಡೋಕೂ ಬರಲ್ಲ!' ಹಾಗೆ ಬೈಯುವಾಗ ಎದೆ ಯಾಕೆ ಇಷ್ಟು ಬಡಿದುಕೊಳ್ಳುತ್ತಿತ್ತು?

ಎಡವಟ್ಟು ಆದದ್ದು ಒಂದು ಮಧ್ಯಾಹ್ನ.

ಗೋದಾಮಿಗೆ ಅವಸರದಲ್ಲಿ ಒಂದು ಮಾದರಿ ಹಾಳೆ ಕಳಿಸಬೇಕಿತ್ತು. ಅಲ್ಲಿ ಗಿರಾಕಿ ಕಾಯುತ್ತಿದ್ದ. ಅದೇ ಹೊತ್ತಿಗೆ ತಂತಿರಾಯ ರೂಟರನ್ನು ನಿಲ್ಲಿಸಿ ಮತ್ತೆ ಶುರು ಮಾಡುತ್ತಿದ್ದ. ಅವಳು ಗುಬ್ಬಿಯ ಹೆಸರು ಹೇಳಿದರೆ ಕಂಪ್ಯೂಟರ್ 'ಯಾರದು?' ಎಂಬಂತೆ ಪಿಳಿಪಿಳಿ ನೋಡಿತು.

"ನಿಮ್ಮ ಮುದುಕ ಎಲ್ಲಿ ಹೋದ?" ಎಂದು ಕೂಗಿದಳು.

"ಸ್ವಲ್ಪ ತಾಳಿ! ಸೋಪಿನ ಚೀಟಿ ತಡವಾದ್ರೆ ಭೂಮಿ ತಿರುಗೋದು ನಿಲ್ಲಲ್ಲ!"

ಗಿರಾಕಿ ಗೊಣಗುತ್ತ ಎದ್ದು ಹೋದ. ಅವಳ ಮೈ ಉರಿಯಿತು. 'ಇವನ ಹಂಗು ನನಗ್ಯಾಕೆ?' ಅವನು ಕೆಲಸ ಮಾಡುವಾಗ ಓರೆಗಣ್ಣಿನಿಂದ ನೋಡಿ ಅವಳೂ ಒಂದಿಷ್ಟು ಕಲಿತಿದ್ದಳು. ಪ್ರತಿ ಕಂಪ್ಯೂಟರಿನ ಹೊಟ್ಟೆಯಲ್ಲೂ ಒಂದು ಪುಟ್ಟ ಜಾಗವಿದೆ. ಅಲ್ಲಿ ಒಂದು ಹೆಸರನ್ನೂ ಅದರ ಸಂಖ್ಯೆಯನ್ನೂ ಬರೆದಿಟ್ಟರೆ, ಆ ಕಂಪ್ಯೂಟರ್ ಮುಂದೆ ರೂಟರನ್ನು ಕೇಳುವುದೇ ಇಲ್ಲ. ತನಗೆ ಗೊತ್ತಿದೆ ಎಂದು ನೇರ ಹೊರಟುಬಿಡುತ್ತದೆ.

ಅವಳು ಅಲ್ಲಿ ಒಂದೇ ಒಂದು ಸಾಲು ಬರೆದಳು. ಗುಬ್ಬಿ, ಸಂಖ್ಯೆ ಇಪ್ಪತ್ತನಾಲ್ಕು.

ಯಂತ್ರದಿಂದ ಯಂತ್ರಕ್ಕೆ ತಂತಿ ಹೇಗೂ ಇತ್ತು, ವಿಳಾಸ ಹೇಳುವವನಷ್ಟೇ ಇರಲಿಲ್ಲ. ರೂಟರ್ ಏಳುವ ಮೊದಲೇ ಅವಳ ಹಾಳೆ ಮಹಡಿ ತಲುಪಿತ್ತು. ಅವಳು ಗೆದ್ದಿದ್ದಳು! ಯಾರಿಗೂ ಹೇಳಲಿಲ್ಲ. ತುಟಿಯ ಕೊನೆಯಲ್ಲಿ ನಕ್ಕು ಆ ಸಾಲನ್ನು ಅಲ್ಲೇ ಬಿಟ್ಟಳು, ಆಮೇಲೆ ಮರೆತೂ ಬಿಟ್ಟಳು.

ಅವನೇನು ಕಡಿಮೆಯವನೇ? ಕೆಲಸ ಮುಗಿಯುವ ಹೊತ್ತಿಗೆ, ಕೆಳಗಿನ ಯಂತ್ರಗಳಿಗೆಲ್ಲ ಇಪ್ಪತ್ತರ ಸಾಲು, ಮಹಡಿಯವಕ್ಕೆ ಮೂವತ್ತರ ಸಾಲು ಎಂದು ಸಂಖ್ಯೆಗಳನ್ನು ಓರಣ ಮಾಡಿದ. ಗುಬ್ಬಿಗೆ ಮೂವತ್ತೊಂದು ಬಂತು. ಅದರ ಹಳೆಯ ಇಪ್ಪತ್ತನಾಲ್ಕು ಕಾಗೆಯ ಪಾಲಾಯಿತು. ಅವಳಿಗೆ ಒಂದು ಮಾತು ಹೇಳಬೇಕೆಂದು ಅವನಿಗೆ ಅನ್ನಿಸಲೇ ಇಲ್ಲ. 'ಬಣ್ಣ ನೋಡೋರಿಗೆ ಇದೆಲ್ಲ ಏನು ತಿಳಿಯುತ್ತೆ? ಹೆಸರಿದೆ, ಕರೀತಾರೆ, ಅಷ್ಟೇ.'

ಇಬ್ಬರೂ ಜಾಣರು. ಇಬ್ಬರೂ ಎದುರಿನವರನ್ನು ದಡ್ಡರೆಂದುಕೊಂಡರು. ಲೋಕದಲ್ಲಿ ದಡ್ಡರು ಮಾಡುವ ಅನಾಹುತಕ್ಕೆ ಮದ್ದಿದೆ, ಇಂಥ ಜಾಣರು ಮಾಡುವುದಕ್ಕೆ ಎಲ್ಲಿದೆ?

ಕೊನೆಯ ದಿನ ಅವನು ಅವಳ ಬಾಗಿಲು ತಟ್ಟಿದ. ನಿಜವಾಗಿಯೂ ತಟ್ಟಿದ.

"ಏನು, ಇವತ್ತು ಸಂಸ್ಕಾರ ಉಕ್ಕಿ ಹರೀತಿದೆ?" ಎಂದಳು ತಲೆ ಎತ್ತದೆ.

"ಒಂದು ಮಾತಿದೆ. ಬೇರೆ ಊರಿನ ಬಂದರಿನಲ್ಲಿ ದೊಡ್ಡ ಕೆಲಸ ಸಿಕ್ಕಿದೆ. ಹೋದ್ರೆ ವರ್ಷಗಟ್ಟಲೆ ಅಲ್ಲೇ."

ಅವಳ ಕೈಯಲ್ಲಿದ್ದ ಪೆನ್ಸಿಲ್ ನಿಂತಿತು. ಬಾಯಿ ಮಾತ್ರ ನಿಲ್ಲಲಿಲ್ಲ. "ಪಾಪ, ಆ ಬಂದರು!"

ಅವನು ನಕ್ಕ. ನಗು ಅರ್ಧದಲ್ಲೇ ಆರಿತು. "ನೀವು ಹೋಗಬೇಡ ಅಂದ್ರೆ... ಹೋಗಲ್ಲ."

ಅವಳು ಪೆನ್ಸಿಲನ್ನು ಮೇಜಿನ ಮೇಲಿಟ್ಟಳು.

'ನನ್ನನ್ನೇ... ನನ್ನನ್ನೇ ಕೇಳ್ತಿದ್ದಾನಾ?'

"ಈಗಲೇ ಏನೂ ಹೇಳಬೇಡಿ," ಎಂದ ಅವನು ಅವಸರದಲ್ಲಿ. "ನಿಮ್ಮ ಬಾಯಿ ತೆರೆದ್ರೆ ಏನು ಬರುತ್ತೆ ಅಂತ ಗೊತ್ತು. ನಾನು ಸಂಜೆ ಬಾಗಿಲು ಹಾಕೋ ತನಕ ಗೋದಾಮಲ್ಲಿರ್ತೀನಿ. ಮನಸ್ಸಿದ್ರೆ ಗುಬ್ಬಿಗೆ ಒಂದು ಹಾಳೆ ಕಳಿಸಿ. ಬರೀ ಕೆಂಪು. ಒಂದಕ್ಷರವೂ ಬೇಡ. ಇಲ್ಲಾಂದ್ರೆ... ಏನೂ ಕಳಿಸಬೇಡಿ. ನಾನೇ ಅರ್ಥ ಮಾಡ್ಕೋತೀನಿ."

ಎದುರು ನಿಂತು 'ಇಲ್ಲ' ಎನ್ನಿಸಿಕೊಳ್ಳುವ ಧೈರ್ಯ ಅವನಿಗಿರಲಿಲ್ಲ. ಎದುರು ನಿಂತು 'ಹೂಂ' ಎನ್ನುವ ಧೈರ್ಯ ಅವಳಿಗೂ ಇರಲಿಲ್ಲ. ಅಷ್ಟೆಲ್ಲ ಬೈದಾಡಿದ ಎರಡು ಬಾಯಿಗಳು ಒಂದು ಪ್ರಿಂಟರಿನ ಹಿಂದೆ ಅಡಗಿ ಕೂತವು!

ಸಂಜೆಯ ಬೆಳಕು ಕಿಟಕಿಯಿಂದ ಇಳಿಯುವ ಹೊತ್ತಿಗೆ ಅವಳು ಕಂಪ್ಯೂಟರಿನ ತೆರೆಯ ಮೇಲೆ ಬಣ್ಣ ಕಲಸಿ ಮುಗಿಸಿದ್ದಳು. ಎರಡನೇ ಕೆಂಪು. ಒಳಗೆ ಹಳದಿ ಇರುವುದು, ಬಿಸಿ ಇರುವುದು. ಹಾಳೆಯ ತುಂಬ ಅದೊಂದೇ. ಗುಬ್ಬಿಯ ಹೆಸರು ಆರಿಸಿದಳು. ಕಣ್ಣು ಮುಚ್ಚಿ ತನ್ನ ದೇವರ ಹೆಸರನ್ನು ಒಮ್ಮೆ ಕರೆದಳು. ಒತ್ತಿದಳು.

'ಹೋಯ್ತು...!'

ಮಹಡಿಯಲ್ಲಿ ಅವನು ಗುಬ್ಬಿಯ ಮುಂದೆ ಕೂತಿದ್ದ. ಗುಬ್ಬಿ ಮಿಸುಕಲಿಲ್ಲ.

ಕೆಳಗೆ, ಪಾರ್ಸಲ್ ಅಕ್ಕನ ಮೇಜಿನ ಪಕ್ಕದಲ್ಲಿ, ಕಾಗೆ ಗುರ್ರೆಂದು ಒಂದು ಹಾಳೆ ಉಗುಳಿತು. ಅಕ್ಕ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಶಾಯಿ ಪರೀಕ್ಷೆ ಅಂತ ಇಷ್ಟು ಒಳ್ಳೆ ದಪ್ಪ ಕಾಗದ ಹಾಳು ಮಾಡ್ತಾರಲ್ಲ!" ಎಂದು ಗೊಣಗಿ ನಾಲ್ಕು ಮಡಿಕೆ ಮಾಡಿದಳು. ಎಷ್ಟೋ ಕಾಲದಿಂದ ಅಲ್ಲಾಡುತ್ತಿದ್ದ ಮೇಜಿನ ಕಾಲಿನ ಅಡಿಗೆ ಸಿಕ್ಕಿಸಿ, "ಹಾಂ!" ಎಂದು ತೃಪ್ತಿಯಿಂದ ಮನೆಗೆ ಹೊರಟಳು.

ಬಾಗಿಲು ಹಾಕುವ ಹೊತ್ತಾಯಿತು. ಮೆಟ್ಟಿಲ ಮೇಲೆ ಅವನ ಹೆಜ್ಜೆ ಕೇಳಿಸಿತು. ಅವಳು ಸೆರಗು ಸರಿಮಾಡಿಕೊಂಡು ಬಾಗಿಲಿಗೆ ಬಂದಳು.

ಅವನು ಅವಳ ಮುಂದೆ ನಿಂತ. ಮುಖದಲ್ಲಿ ರಕ್ತವೇ ಇರಲಿಲ್ಲ.

"ಅರ್ಥ ಆಯ್ತು," ಎಂದ. "ಒಂದು ಹಾಳೆಯಷ್ಟೂ ಬೆಲೆ ಇಲ್ಲ ಅಂತ."

ಅವಳಿಗೆ ಕೇಳಿಸಿದ್ದು ಬೇರೆಯೇ. ಹಾಳೆ ನೋಡಿಯೂ ಬೆಲೆಯಿಲ್ಲ ಎಂದು ಹೇಳುತ್ತಿದ್ದಾನೆ! ಕಳಿಸಲು ಹೇಳಿ, ಕಳಿಸಿದ ಮೇಲೆ ಮುಖಕ್ಕೇ ಉಗಿಯುತ್ತಿದ್ದಾನೆ! ಹಾಗಾದರೆ ಇದೆಲ್ಲ ಆಟವೇ? ತಕ್ಕಡಿಯ ಸೊಕ್ಕು ಮುರಿಯಲು ಮಾಡಿದ ಪಂದ್ಯವೇ?

"ಹೌದು, ಬೆಲೆ ಇಲ್ಲ," ಎಂದಳು. ಅವಳ ದನಿ ಚೂರಿಯ ಬಾಯಂತಿತ್ತು. "ನಿಮ್ಮಂಥವರಿಗೆ ಒಂದು ಹಾಳೆಯೂ ದಂಡ. ಹೋಗಿ, ಆ ಬಂದರಿನ ತಂತಿಗಳಿಗೆ ಜೋತು ಬೀಳಿ."

ಅವನು ಹೋದ. ಅವಳು ಕೋಣೆಯ ಬಾಗಿಲು ಹಾಕಿಕೊಂಡು, ನವಿಲಿನ ಮೇಲೆ ತಲೆಯಿಟ್ಟು, ಸದ್ದಾಗದಂತೆ ಅತ್ತಳು.

'ಕಡಿಮೆ ಬಿದ್ದಿದ್ದು ನಾನೇ...'

ಆಮೇಲಿನ ದಿನಗಳಲ್ಲಿ ಅವಳ ನಾಲಿಗೆ ಇನ್ನಷ್ಟು ಹರಿತವಾಯಿತು. ದೊಡ್ಡಮ್ಮ ಅವನ ಸುದ್ದಿ ಎತ್ತಿದರೆ, "ಅಂಥ ಗಾಳಿಪಟಗಳ ಸುದ್ದಿ ನನಗೆ ಬೇಡ" ಎನ್ನುತ್ತಿದ್ದಳು. ದೊಡ್ಡಮ್ಮ ಅವಳ ಊದಿದ ಕಣ್ಣು ನೋಡಿ ಮಾತು ಬದಲಾಯಿಸುತ್ತಿದ್ದಳು.

ಒಂದು ಬೆಳಿಗ್ಗೆ ಔಷಧಿ ಲೇಬಲ್ಲಿನ ಮಾದರಿಯನ್ನು ಗೋದಾಮಿಗೆ ಕಳಿಸಬೇಕಾಯಿತು. ಗುಬ್ಬಿಯ ಹೆಸರು ಆರಿಸಿ ಒತ್ತಿದಳು. ಸ್ವಲ್ಪ ಹೊತ್ತಿಗೆ ಪಾರ್ಸಲ್ ಅಕ್ಕ ಹಾಳೆ ಬೀಸುತ್ತ ಬಂದಳು.

"ಏನು ತಾಯೀ, ನಿನ್ನ ಔಷಧಿಯೆಲ್ಲ ನನಗ್ಯಾಕೆ ಕುಡಿಸ್ತೀಯ? ನನ್ನ ಕಾಗೆಯಲ್ಲಿ ಬಂತು ಇದು!"

ಅವಳ ಕಣ್ಣು ಹೊಳೆಯಿತು. ಬೈಯಲು ಒಂದು ಕಾರಣ ಸಿಕ್ಕಿತ್ತು! ಫೋನು ತೆಗೆದು ಅವನ ನಂಬರು ಒತ್ತಿಯೇಬಿಟ್ಟಳು.

"ನಿಮ್ಮ ಕೆಲಸದ ಯೋಗ್ಯತೆ ಗೊತ್ತಾಯ್ತು. ಹೆಸರು ಕರೆದ್ರೆ ಊರೆಲ್ಲ ಓಗೊಡುತ್ತೆ. ಹಳೇ ಸುಳ್ಳು ಪಟ್ಟಿಗಳೇ ವಾಸಿ!"

"ನನ್ನ ರೂಟರ್ ತಪ್ಪು ಹೇಳಲ್ಲ."

"ಬಂದು ನೋಡಿ!"

ಅವನು ಬಂದ. ಕೈಯಲ್ಲಿ ಪೆಟ್ಟಿಗೆಯಿತ್ತು, ಹೆಗಲಲ್ಲಿ ಚೀಲವಿತ್ತು. ಬಂದರಿನ ಬಸ್ಸು ಅವತ್ತೇ.

"ಹೋಗೋ ದಾರೀಲಿ ನಿಮ್ಮ ಬೈಗುಳ ತಗೊಂಡೇ ಹೋಗೋಣ ಅಂತ ಬಂದೆ," ಎಂದ ಅವಳತ್ತ ನೋಡದೆ. "ಅದಿಲ್ಲದೆ ಪ್ರಯಾಣ ಸುಖವಾಗಲ್ಲ."

"ಬೈಗುಳಕ್ಕೇನು ಬರವಿಲ್ಲ, ಎಷ್ಟು ಬೇಕೋ ತುಂಬಿಸ್ಕೊಳ್ಳಿ. ಮೊದಲು ಕೆಲಸ ನೋಡಿ."

ಅವನು ದೊಡ್ಡಮ್ಮನ ಕಂಪ್ಯೂಟರಿನಿಂದ ಗುಬ್ಬಿ ಎಲ್ಲಿದೆ ಎಂದು ಕೇಳಿದ. ಮೂವತ್ತೊಂದು ಎಂದು ಬಂತು. ಪಾರ್ಸಲ್ ಅಕ್ಕನದರಿಂದ ಕೇಳಿದ. ಮೂವತ್ತೊಂದು. ಗೆದ್ದವನಂತೆ ಹುಬ್ಬೇರಿಸಿ ಅವಳ ಕುರ್ಚಿಯಲ್ಲಿ ಕೂತು ಅವಳದರಿಂದ ಕೇಳಿದ.

ಇಪ್ಪತ್ತನಾಲ್ಕು.

"ಇದೆಲ್ಲಿಂದ ಬಂತು?" ಅವನ ಹುಬ್ಬು ಇಳಿಯಿತು. ಏನೋ ಹೊಳೆದು, ಕಂಪ್ಯೂಟರಿನ ಹೊಟ್ಟೆಯ ಆ ಪುಟ್ಟ ಜಾಗವನ್ನು ತೆರೆದ. ಅಲ್ಲಿ ಒಂದೇ ಒಂದು ಸಾಲು ಅವರಿಬ್ಬರನ್ನೂ ನೋಡುತ್ತ ಕೂತಿತ್ತು.

"ಇದನ್ನ ಯಾರು ಬರೆದಿದ್ದು?"

"...ನಾನು."

ಈಗ ಬೈಯುತ್ತಾನೆ. ಈಗ ನಗುತ್ತಾನೆ. ಪ್ರೆಸ್ಸಿಗೆಲ್ಲ ಕೇಳುವಂತೆ ನಗುತ್ತಾನೆ! ಅವಳು ಉಗುರನ್ನು ಅಂಗೈಗೆ ಒತ್ತಿಕೊಂಡು ನಿಂತಳು.

ಅವನು ನಗಲಿಲ್ಲ.

"ಕಂಪ್ಯೂಟರಿಗೆ ಒಂದು ಚಾಳಿ ಇದೆ," ಎಂದ ನಿಧಾನವಾಗಿ. "ಮೊದಲು ತನ್ನ ಜೇಬು ನೋಡ್ಕೊಳ್ಳುತ್ತೆ. ಜೇಬಲ್ಲೇ ಉತ್ತರ ಇದ್ರೆ ಬೇರೆ ಯಾರನ್ನೂ ಕೇಳಲ್ಲ. ಆ ಉತ್ತರ ಹಳೇದಾಗಿದ್ರೂ ಸರಿ. ನೀವು ಇದನ್ನ ಬರೆದಾಗ ಸರಿಯಾಗೇ ಇತ್ತು. ಆಮೇಲೆ, ಕೆಲಸ ಮುಗಿಸೋವಾಗ, ಸಂಖ್ಯೆ ಬದಲಾಯಿಸಿದ್ದು ನಾನು. ನಿಮಗೆ ಹೇಳಲಿಲ್ಲ."

"ಯಾಕೆ?"

"ನಿಮಗೇನು ತಿಳಿಯುತ್ತೆ ಅಂತ... ಬಿಟ್ಟೆ."

"ನಾನು ನಿಮಗೇನು ಬರುತ್ತೆ ಅಂತ... ಬರೆದೆ."

ಅವಳು ಆ ಸಾಲನ್ನು ಮತ್ತೊಮ್ಮೆ ಓದಿದಳು. ಆಗ ತಟ್ಟನೆ ಲೆಕ್ಕ ಹಾಕಿದಳು. ಸಂಖ್ಯೆ ಯಾವತ್ತು ಬದಲಾಯಿತು? ಕೆಲಸ ಮುಗಿಯುವ ಹೊತ್ತಿಗೆ. ಅಂದರೆ... ಆ ಸಂಜೆಗಿಂತ ಮುಂಚೆ!

"ಹಾಗಾದ್ರೆ ಆ ದಿನ..." ಅವಳ ದನಿ ಪಿಸುಮಾತಾಯಿತು. "ಆ ದಿನ ನಾನು ಕಳಿಸಿದ್ದೂ..."

ಅವನು ಕುರ್ಚಿಯಿಂದ ಧಡಕ್ಕನೆ ಎದ್ದ. "ಕಳಿಸಿದ್ರಾ?"

"ಕಳಿಸಿದ್ದೆ."

"ಏನು ಕಳಿಸಿದ್ರಿ? ಹೇಳಿ! ಏನು?"

"ನೀವು ಹೇಳಿದ್ದನ್ನೇ!"

ಅವನ ಹೆಗಲಿನಿಂದ ಚೀಲ ಜಾರಿ ನೆಲಕ್ಕೆ ಬಿತ್ತು. ಅವನು ಎತ್ತಿಕೊಳ್ಳಲಿಲ್ಲ.

ಅವಳು ಓಡಿದಳು. ಹಿಂದೆ ಅವನೂ ಓಡಿದ. ದೊಡ್ಡಮ್ಮ ತನ್ನ ಕೋಣೆಯಿಂದ ಇಣುಕಿ, "ಬೆಂಕಿ ಬಿತ್ತಾ?" ಎಂದು ಕೇಳಿದ್ದು ಯಾರಿಗೂ ಕೇಳಿಸಲಿಲ್ಲ.

"ಅಕ್ಕಾ! ಇವರ ಕೆಲಸ ಮುಗಿದ ದಿನ, ಸಂಜೆ, ನಿಮ್ಮ ಕಾಗೆಯಲ್ಲಿ ಒಂದು ಕೆಂಪು ಹಾಳೆ ಬಂತಾ?"

"ಬಂತಲ್ಲ! ಬರೀ ಕೆಂಪು, ಒಂದಕ್ಷರ ಇಲ್ಲ. ಯಾರೋ ತಲೆಕೆಟ್ಟೋರು ಕಳಿಸಿದ್ರು."

"ಎಲ್ಲಿ ಅದು?"

ಅಕ್ಕ ಕಾಲಿನಿಂದ ತೋರಿಸಿದಳು. "ಅಗೋ. ಅವತ್ತಿಂದ ಮೇಜು ಅಲ್ಲಾಡಿಲ್ಲ ನೋಡಿ."

ಅವನು ನೆಲಕ್ಕೆ ಮಂಡಿಯೂರಿದ. ಹೆಗಲು ಕೊಟ್ಟು ಮೇಜನ್ನೆತ್ತಿದ. ಮೇಲಿದ್ದ ಪೊಟ್ಟಣಗಳು ದಬದಬನೆ ಉರುಳಿದವು. "ಅಯ್ಯೋ ನನ್ನ ಮಾಲು!" ಎಂದು ಅಕ್ಕ ಕೂಗಿಕೊಂಡಳು. ಅವನು ಆ ನಾಲ್ಕು ಮಡಿಕೆಯ ಹಾಳೆಯನ್ನು ಹಸುಗೂಸಿನಂತೆ ಎರಡೂ ಕೈಯಲ್ಲಿ ಎತ್ತಿಕೊಂಡ. ನಡುವೆ ಮೇಜಿನ ಕಾಲಿನ ಗುಂಡು ಗುರುತು. ಅಂಚಿಗೆ ಧೂಳು.

ಅಲ್ಲಿ ಟ್ಯೂಬ್‌ಲೈಟ್ ಉರಿಯುತ್ತಿತ್ತು. ಅವನು ಅದರ ಕೆಳಗೆ ಬಿಡಿಸಲಿಲ್ಲ. ಕಿಟಕಿಯ ಬಳಿಗೆ ಹೋದ. ಬೆಳಗಿನ ಬೆಳಕಿಗೆ ಹಾಳೆಯನ್ನು ಹರಡಿ ಹಿಡಿದು ಬಹಳ ಹೊತ್ತು ನೋಡಿದ.

"ಇದು ಎರಡನೇದು," ಎಂದ ಅವನು. "ಒಳಗೆ ಹಳದಿ ಇರೋದು."

"...ಕಾಣಿಸ್ತಾ?"

"ಅವತ್ತೂ ಕಾಣಿಸಿತ್ತು. ನೀವು ಇನ್ನೊಂದು ಸಲ ತೋರಿಸಲಿ ಅಂತ ಇಲ್ಲ ಅಂದೆ."

"ಸುಳ್ಳುಗಾರ!" ಎಂದಳು ಅವಳು. ಬೈಗುಳ ಬಾಯಿಂದ ಹೊರಡುವಾಗಲೇ ಕಣ್ಣಿಂದ ನೀರು ಹೊರಟಿತು. "ನಾನು ಕಳಿಸಿದ ಮೇಲೂ ನನ್ನ ಮುಂದೆ ನಿಂತು ಬೆಲೆ ಇಲ್ಲ ಅಂದ್ರಲ್ಲ... ಎಷ್ಟು ಅತ್ತಿದೀನಿ ಗೊತ್ತಾ?"

"ನಾನು ಆ ಗುಬ್ಬಿಯ ಮುಂದೆ ಕೂತು, ಅದರ ಬಾಯನ್ನೇ ನೋಡ್ತಾ... ಹಸಿವಾದ ಮಗುವಿನ ಹಾಗೆ ಕಾದೆ. ಕಾಗದ ಮುಗಿದಿದೆಯೇನೋ ಅಂತ ಎರಡೆರಡು ಸಲ ತುಂಬಿದೆ." ಅವನು ಕಣ್ಣೊರೆಸಿಕೊಂಡ. "ಮೆಟ್ಟಿಲಿಳಿದು ಬಂದು ಒಂದು ಮಾತು ಕೇಳಿದ್ರೆ ಮುಗೀತಿತ್ತು. ಕೇಳಲಿಲ್ಲ ನೋಡಿ!"

ಬಾಗಿಲಲ್ಲಿ ದೊಡ್ಡಮ್ಮ ಬಂದು ನಿಂತಿದ್ದಳು. ಇಬ್ಬರನ್ನೂ, ಆ ಕೆಂಪು ಹಾಳೆಯನ್ನೂ ನೋಡಿದಳು. ಯಾರೂ ಅವಳಿಗೆ ಏನನ್ನೂ ಹೇಳಬೇಕಾಗಲಿಲ್ಲ.

"ಹತ್ತು ಮೆಟ್ಟಿಲ ಮೇಲೆ ಒಬ್ಬ, ಕೆಳಗೆ ಒಬ್ಬಳು," ಎಂದಳು. "ಕೂಗಿದ್ರೆ ಕೇಳಿಸೋ ದೂರ. ಅದಕ್ಕೆ ಒಂದು ಯಂತ್ರ ಬೇಕಾಯ್ತಾ ನಿಮಗೆ? ಇಬ್ಬರಿಗೂ ಸೇರಿ ಒಂದು ಬುದ್ಧಿ ಇದ್ದಿದ್ರೆ ಸಾಕಿತ್ತು." ಆಮೇಲೆ ಅವನ ಕಡೆ ತಿರುಗಿದಳು. "ಬಸ್ಸಿಗೆ ಹೊತ್ತಾಗಲ್ವೇನಪ್ಪಾ?"

"ಯಾವ ಬಸ್ಸು ದೊಡ್ಡಮ್ಮಾ?" ಎಂದ ಅವನು.

ಅವನ ಬಾಯಲ್ಲಿ 'ದೊಡ್ಡಮ್ಮ' ಎಂಬ ಮಾತು ಅದೇ ಮೊದಲು. ಮುದುಕಿ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ಹುಡುಗಿ ತನ್ನ ಕೋಣೆಗೆ ನಡೆದಳು. ಅವನೂ ಹಿಂದೆಯೇ ಬಂದು ಕಂಪ್ಯೂಟರಿನತ್ತ ಕೈ ಚಾಚಿದ. ಅವಳು ಆ ಕೈಯನ್ನು ಮೆಲ್ಲಗೆ ತಡೆದಳು.

"ನಾನು ಬರೆದಿದ್ದು. ನಾನೇ ಅಳಿಸ್ತೀನಿ."

ಗುಬ್ಬಿ, ಇಪ್ಪತ್ತನಾಲ್ಕು. ಒಂದೊಂದೇ ಅಂಕಿ, ಒಂದೊಂದೇ ಅಕ್ಷರ ಹಿಂದಕ್ಕೆ ಸರಿದು ಮಾಯವಾಯಿತು. ಮದುವೆಯ ಮಾತಾಡಲು ಬಂದು ಎದ್ದು ಹೋದ ಆ ಮುಖಗಳು, 'ಬಾಯಿ ಜಾಸ್ತಿ' ಎಂಬ ಆ ಮಾತು, ಎಲ್ಲವೂ ಅದರ ಹಿಂದೆಯೇ ಹೊರಟಂತೆನಿಸಿತು ಅವಳಿಗೆ. ಜೇಬು ಖಾಲಿಯಾಯಿತು. ಎಷ್ಟು ಹಗುರ!

"ಮೇಲೆ ಹೋಗಿ," ಎಂದಳು.

"ಯಾಕೆ?"

"ಹೋಗಿ ಅಂದ್ರೆ ಹೋಗಬೇಕು."

ಅವನು ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿ ಗೋದಾಮು ಸೇರಿದ. ಅವಳು ಗುಬ್ಬಿಯ ಹೆಸರು ಕರೆದಳು. ಈ ಬಾರಿ ಅವಳ ಕಂಪ್ಯೂಟರ್ ಹೋಗಿ ಕಟ್ಟೆಯ ಮೇಲಿನ ಮುದುಕನನ್ನು ವಿನಯದಿಂದ ಕೇಳಿತು. ಮುದುಕ ಕೈ ತೋರಿಸಿದ.

ಮಹಡಿಯಲ್ಲಿ ಗುಬ್ಬಿ ಗುರ್ರೆಂದಿತು.

ಅವಳು ಮೆಟ್ಟಿಲ ಬುಡಕ್ಕೆ ಬಂದು, ಕಂಬಿ ಹಿಡಿದು, ಮುಖವೆತ್ತಿ ಕೂಗಿದಳು. ಪ್ರೆಸ್ಸಿಗೆ ಪ್ರೆಸ್ಸೇ ಕೇಳುತ್ತಿತ್ತು. ಕೇಳಲಿ!

"ಬಂತಾ, ತಂತಿರಾಯರೇ?"

"ಬಂತು! ಬಿಸಿಯಾಗಿದೆ ಇನ್ನೂ!" ಅವನು ಕೆಂಪು ಹಾಳೆಯನ್ನು ಎದೆಗೊತ್ತಿಕೊಂಡು ಮೆಟ್ಟಿಲ ತಲೆಯಲ್ಲಿ ನಿಂತಿದ್ದ. "ಆದ್ರೆ ಇದರಲ್ಲಿ ಒಂದಕ್ಷರವೂ ಇಲ್ಲ. ಅರ್ಥ ಏನು ಅಂತ ಬಾಯಿಬಿಟ್ಟು ಹೇಳಿದ್ರೆ ಒಳ್ಳೇದು."

"ನನ್ನ ಬಾಯಲ್ಲಿ ಒಳ್ಳೆ ಮಾತು ಬರಲ್ಲ ಅಂತ ಗೊತ್ತಲ್ಲ?"

"ಕೆಟ್ಟ ಮಾತಲ್ಲೇ ಹೇಳು."

ಅವನು 'ನೀನು' ಎಂದಿದ್ದ. ಅವಳು ಒಂದು ಮೆಟ್ಟಿಲು ಹತ್ತಿದಳು, ಇನ್ನೊಂದು ಹತ್ತಿದಳು. ಹಿಂದಿನಿಂದ ಪಾರ್ಸಲ್ ಅಕ್ಕನ ದನಿ ಕೇಳಿಸಿತು: "ಎಲ್ಲ ಸರಿ, ನನ್ನ ಮೇಜು ಮತ್ತೆ ಅಲ್ಲಾಡ್ತಿದೆ! ಯಾರಾದ್ರೂ ಇನ್ನೊಂದು ಹಾಳೆ ಕೊಡಿ!"

"ದಡ್ಡ," ಎಂದಳು ಅವಳು, ಅವನ ಕಣ್ಣಲ್ಲಿ ಕಣ್ಣಿಟ್ಟು. "ಹೋಗಬೇಡ."

"ಕಡಿಮೆ ಬಿದ್ರೆ?"

"ಬೀಳಲಿ," ಎಂದಳು. "ತೂಗೋದು ಬಿಟ್ಟೆ."